ಎದುರುಮುಳ್ಳು

ಮಗ್ಗ ನಿಂತ ಮೇಲೆ, ರಾತ್ರಿ ಒಂಬತ್ತೂವರೆಗೆ,
ಕಬ್ಬನ್‌ಪೇಟೆಯ ನಮ್ಮ ಓಣಿಯಲ್ಲಿ
ಅರ್ಧ ಎಳೆದ ಷಟರ್ ಕೆಳಗೆ ಬಗ್ಗಿ
ಇಬ್ಬರು ಒಳಗೆ ಬರುತ್ತಾರೆ.

ಇನಾಯತ್ ಕೈಯಲ್ಲಿ ಪೇಪರ್ ಪೊಟ್ಟಣ:
ನಾಟಿ ಹುಂಜದ ಕತ್ತಿನ ಗರಿ, ಕೆಂಪು, ತುದಿಗೆ ಕಪ್ಪು.
‘ಫಾರಂ ಕೋಳೀದು ನೀರಲ್ಲಿ ಮುದ್ದೆ ಆಗ್ತದೆ,
ಇದು ನಿಲ್ತದೆ ನೋಡಿ.’
ಇಪ್ಪತ್ತಾರು ವರ್ಷ ಶಿವಾಜಿನಗರದಲ್ಲಿ
ಬುಟ್ಟಿಗಟ್ಟಲೆ ಕಿತ್ತು ಎಸೆದವನು
ಈಗ ಒಂದೊಂದನ್ನೂ ಬಲ್ಬಿಗೆ ಹಿಡಿದು ನೋಡುತ್ತಾನೆ.

ಸಿದ್ಧವೀರಯ್ಯನದು ಲೆಕ್ಕ.
ಬಸ್ಸಿಂದ ಇಳಿದು ಆರು ವರ್ಷವಾದರೂ
ಕಿವಿಯ ಸಂದಿಯಿಂದ ಪೆನ್ನು ಇಳಿದಿಲ್ಲ.
ಯಶವಂತಪುರದಿಂದ ಚಂಡೀಗಢ, ಸ್ಲೀಪರ್, ಮೂರು.
ಅಲ್ಲಿಂದ ಬೆಟ್ಟದ ಬಸ್ಸು.
ಮೀನು ಇಲಾಖೆಯ ಪರವಾನಗಿ, ತಲೆಗಿಷ್ಟು, ದಿನಕ್ಕಿಷ್ಟು.
ಸ್ವೆಟರು. ನನ್ನದಕ್ಕೆ ಮೊಣಕೈ ಇಲ್ಲ.
ಚಿಲ್ಲರೆ, ಇನ್ನೂರು ರೂಪಾಯಿ.
ಯಾಕಯ್ಯ ಚಿಲ್ಲರೆ ಅಂದರೆ
‘ಚಿಲ್ಲರೆ ಇಲ್ಲದೆ ನಾನು ಎಲ್ಲಿಗೂ ಹೋದೋನಲ್ಲ.’

ಇದೆಲ್ಲ ಶುರುವಾದದ್ದು ಅವನಿಂದಲೇ.
ಕೊನೇ ಟ್ರಿಪ್ಪಿನ ಸೀಟಿನಡಿ ಸಿಕ್ಕ ಕ್ಯಾಲೆಂಡರು:
ದೇವದಾರು, ಹೊಳೆ, ಮೊಣಕಾಲುದ್ದ ನೀರಲ್ಲಿ ಟೋಪಿಯವನೊಬ್ಬ.
ಕೇಳಿಕೊಂಡು ಯಾರೂ ಬರಲಿಲ್ಲ.
ವರ್ಷ ತೀರಿದ ಆ ಮೇ ತಿಂಗಳು
ಈಗಲೂ ನನ್ನ ಮಗ್ಗದ ಮೇಲೆ ತೂಗುತ್ತಿದೆ.
ಲಿಂಗ ಕಟ್ಟಿದವನು, ಮೊಟ್ಟೆ ಮುಟ್ಟದವನು,
ಮೀನಿಗೆ ಯಾಕೆ ಹೊರಟೆ ಅಂತ
ನಾನೂ ಕೇಳಿಲ್ಲ, ಅವನೂ ಹೇಳಿಲ್ಲ.

ಟ್ರೌಟಿಗೆ ನಮ್ಮಲ್ಲಿ ಹೆಸರಿಲ್ಲ.
ಇನಾಯತ್ ಚುಕ್ಕಿಮೀನು ಅಂದ, ಅದೇ ನಿಂತಿತು.

ನನ್ನದು ಕಟ್ಟುವ ಕೆಲಸ.
ಯಾರ ಯಾರದೋ ಧಾರೆ ಸೀರೆಯ ಸೆರಗಿಗೆ ಹೋಗಿ
ಉಳಿದ ಜರಿ, ಗೇಣುದ್ದ.
ಗಾಳದ ಬೆನ್ನಿಗೆ ಸುತ್ತಿದರೆ ನೊಣದ ಹೊಟ್ಟೆ.
ಮೇಲೆ ಗರಿ ಎರಡು ಸುತ್ತು,
ರೇಷ್ಮೆ ಎಳೆಯಲ್ಲಿ ಗಂಟು, ನೇಯ್ಗೆಯವನ ಗಂಟು,
ಹಲ್ಲಲ್ಲಿ ಕಚ್ಚಿ ಕತ್ತರಿಸಿದ್ದು.

ಭಾನುವಾರ ಮಾಳಿಗೆಯಲ್ಲಿ ಎಸೆಯುವ ಅಭ್ಯಾಸ.
ಬೀಸಿದ ದಾರ ಗಾಳಿಯಲ್ಲಿ ಸುತ್ತಿ ಬಂದು
ಪಕ್ಕದ ಮನೆಯ ರುಕ್ಮಾಂಗದನ ಲುಂಗಿ ಹಿಡಿಯಿತು.
ಈವರೆಗೆ ಅದೊಂದೇ ಬೇಟೆ.

ಆಮೇಲೆ ಕಾಗದ ಬಂತು. ಆ ಕಾಡಿನ ಸೀಮೆಯಲ್ಲಿ
ಹಿಡಿದದ್ದನ್ನು ಬಿಡಬೇಕು,
ಗಾಳಕ್ಕೆ ಎದುರುಮುಳ್ಳು ಇರಕೂಡದು.
ಕಾಫಿ ತಂದ ಚೂಡಾಮಣಿ ಲೋಟ ಇಡದೆ ಕೇಳಿದಳು:
‘ಹಿಡಿದು ಬಿಡೋದಕ್ಕೆ ಇಷ್ಟು ದೂರ ಹೋಗ್ಬೇಕಾ?’
ಸಿದ್ಧವೀರಯ್ಯ ಮೊದಲ ಸಲ ನಕ್ಕ.
ಲೆಕ್ಕದಲ್ಲಿ ಏನನ್ನೋ ಹೊಡೆದುಹಾಕಿದ,
ಏನೆಂದು ತೋರಿಸಲಿಲ್ಲ.

ಅವತ್ತಿಂದ ಅರ ಹಿಡಿದು ಕೂತಿದ್ದೇನೆ.
ಒಂದೊಂದು ಗಾಳದ ಎದುರುಮುಳ್ಳನ್ನೂ ತೇಯ್ದು
ರೇಷ್ಮೆ ತುಂಡಿಗೆ ಚುಚ್ಚಿ ಮೆಲ್ಲಗೆ ಎಳೆಯುತ್ತೇನೆ.
ಎಳೆ ಕೀಳದೆ ಹೊರಬಂದರೆ ಸರಿ.
ಒಂದು ಎಳೆ ಎದ್ದರೂ ಮತ್ತೆ ಅರ.
ಮೂವತ್ತು ವರ್ಷ ಸೀರೆಗೆ ಹೆದರಿದ ಹೆದರಿಕೆಯೇ
ಈಗ ಮೀನಿನ ತುಟಿಗೆ.

ಟಿಕೆಟ್ಟು ವೇಟಿಂಗ್ ಲಿಸ್ಟಿನಲ್ಲಿದೆ.
ನಲವತ್ತೊಂದಿತ್ತು, ಹದಿನೇಳಕ್ಕೆ ಇಳಿದಿದೆ,
ನಾಲ್ಕು ದಿನದಿಂದ ಅಲ್ಲೇ ಕೂತಿದೆ.
ನಲ್ಲಿಯಲ್ಲಿ ನೀರಿಲ್ಲ. ಇನಾಯತ್ ಮೀನಂಗಡಿಯಿಂದ ಐಸು ತಂದು
ಬಕೆಟ್ಟಿಗೆ ಸುರಿದ, ಹೊಳೆ ಹೇಗಿರುತ್ತದೋ ನೋಡೋಣ ಅಂತ.
ಮೂವರೂ ಕೈ ಅದ್ದಿದೆವು.
ನಾನು ಹದಿನಾಲ್ಕು ಎಣಿಸಿದೆ, ಅವನು ಇಪ್ಪತ್ತು.
ಸಿದ್ಧವೀರಯ್ಯ ಎಣಿಸಲಿಲ್ಲ, ತೆಗೆಯಲೂ ಇಲ್ಲ,
ನಾವೇ ಕೈ ಹಿಡಿದು ಎತ್ತಿದೆವು.

ಇವತ್ತು ಬೆಳಿಗ್ಗೆ ಓಣಿ ತುದಿಗೆ ಟ್ಯಾಂಕರ್.
ಪೈಪಿನ ಬಾಯಿ ಸಡಿಲ,
ನೀರು ಇಳಿಜಾರು ಹಿಡಿದು ಹರಿಯಿತು.
ಸ್ಕೂಟರಿನ ಚಕ್ರಕ್ಕೆ ಕೊಟ್ಟ ಕಲ್ಲಿನ ಬಳಿ ಎರಡಾಗಿ
ಕಲ್ಲಿನ ಹಿಂದೆ ಅಂಗೈಯಗಲ
ಅಲುಗದೆ ನಿಂತಿತು.
‘ಅಲ್ಲಿ ನಿಂತಿರ್ತದೆ’ ಅಂದೆ, ಜೋರಾಗಿಯೇ.
ಟ್ಯಾಂಕರ್ ಹುಡುಗ ತಿರುಗಿದ. ‘ಏನು ಸಾರ್?’
‘ಏನಿಲ್ಲಪ್ಪ. ನೀರು ಹೋಗ್ತಿದೆ, ನೋಡ್ಕೋ.’