ಐಸಿನ ಗಾಡಿಗೆ ಶಾಕಪ್

ಹಿಂದಿನ ಶಾಕಪ್ ಎರಡೂ ಎಣ್ಣಿ ಕಾರಿ ಸತ್ತು
ಇವತ್ತಿಗೆ ಒಂಬತ್ತು ದಿನ.
ಗಂಜ್ ರೋಡಿನ ಗುಂಡಿಗಳಿಗೆ ನನ್ನ ಬೆನ್ನು ಗೊತ್ತಾಗ್ಯದ,
ಒಂದೊಂದು ಮಣಿನೂ ಹೆಸರು ಹಿಡಿದು ಕರೀತಾವ.

ಬೆಳಗಿನ ಐದಕ್ಕ ಐಸ್ ಫ್ಯಾಕ್ಟರಿ ಬಾಗಿಲು.
ಗೋಣಿಚೀಲ, ಭತ್ತದ ಹೊಟ್ಟು, ನಾಲ್ಕು ಗಡ್ಡಿ.
ಹೇರಿದ ಕೂಡ್ಲೆ ಗಾಲಿ ಮಡ್‌ಗಾರ್ಡಿಗೆ ತಾಗಿ
ಕರ್ ಅಂತದ. ರಾಯಚೂರಿನ ಬಿಸಿಲು ಇನ್ನೂ ಎದ್ದಿರೂದಿಲ್ಲ,
ನನ್ನ ಗಾಡಿ ಮಾತ್ರ ಎದ್ದು ಅಳ್ತಿರ್ತದ.

ಬಂದೇನವಾಜ್ ಗಾಡಿ ಕಣ್ಣಿಂದ ನೋಡೂದಿಲ್ಲ.
ಸೀಟಿನ ಮ್ಯಾಲ ಎರಡೂ ಅಂಗೈ ಇಟ್ಟು
ರೊಟ್ಟಿ ಹಿಟ್ಟು ನಾದೋರಂಗ ಒತ್ತಿದ.
ಇಳೀತು.
ಏಳಲಿಲ್ಲ.
'ಮುಗೀತಪಾ ಇದರ ಋಣ' ಅಂದು
ತಟ್ಟಿನ ಮ್ಯಾಲ ಮೂರು ಜೋಡಿ ಹಾಸಿದ.

ಮೊದಲಿಂದು ಕಂಪನಿ ಮಾಲು.
ಸಾಹುಕಾರರ ಲಗ್ನದ ಕಾರ್ಡಿನಂಥ ಡಬ್ಬಿ, ಎರಡು ಸಾವಿರದ ನೂರು.
'ನಿಯತ್ತಿನ ಸಾಮಾನು. ಆದ್ರ ಇಬ್ಬರು ಮನುಷ್ಯಾರಿಗೆ ಮಾಡಿದ್ದು,
ಒಂದು ಕ್ವಿಂಟಲ್ ನೀರಿಗಲ್ಲ.'

ಎರಡನೇದು ಲೋಕಲ್. ಕೆಂಪು ಸ್ಪ್ರಿಂಗು, ಹೆಬ್ಬೆರಳು ದಪ್ಪ.
'ಎಷ್ಟರ ಹೇರು, ಮಿಸುಕಂಗಿಲ್ಲ.'
ಖಾಲಿ ಇದ್ದಾಗ?
'ಖಾಲಿ ಇದ್ದಾಗ ಹೋರಿಗರು. ನೀ ಸೀಟಿನ ಮ್ಯಾಲ ಇರಾಂಗಿಲ್ಲ.'

ಮೂರನೇದು ಬಿದ್ದ ಗಾಡೀದು,
ಲಿಂಗಸೂಗೂರು ರೋಡಿನಾಗ ಲಾರಿಗೆ ಕೊಟ್ಟಿದ್ದು.
ಅರ್ಧ ಇಂಚು ಉದ್ದ, ಬುಷ್ ಲೇಥಿಗೆ ಕೊಡಬೇಕು.
ಗಾಡಿಯವ ಬದುಕ್ಯಾನೇನು, ಕೇಳಿದೆ.
'ಕಾಲು ಮುರದದ. ಬದುಕ್ಯಾನ.'
ಹಂಗಾದ್ರ ನೋಡಬಹುದು.

ನಾನು ನೋಡ್ತಾನೇ ಕುಂತೆ.
ಐಸಿನ ತೂಕ ಅಂಬೋದು ಒಂದು ಮಾತಿನ ಮ್ಯಾಲ ನಿಲ್ಲೂದಿಲ್ಲ.
ಸ್ಟೇಷನ್ ಮುಂದಿನ ಕಬ್ಬಿನ ಹಾಲಿನ ಬಂಡಿಗೆ ಒಂದಿಷ್ಟು,
ಮೀನಿನ ಬಜಾರಿಗೆ ಒಂದಿಷ್ಟು,
ಒಮ್ಮೊಮ್ಮೆ ಸತ್ತವರ ಮನಿಗೆ.
ಅಲ್ಲಿ ರೊಕ್ಕ ಬಾಯಿಬಿಟ್ಟು ಕೇಳಾಕ ಬರೂದಿಲ್ಲ,
ತಾವೇ ನೆನಪಾಗಿ ಕೊಡೂತನ
ಚಪ್ಪಲಿ ಗುಂಪಿನ ಬಾಜೂಕ ನಿಂದರಬೇಕು.
ಉಳಿದದ್ದು ರಸ್ತಿ ಕುಡೀತದ.
ತೀನ್ ಕಂದೀಲಿನಿಂದ ಮಾವಿನಕೆರಿ ತನಕ
ಡಾಂಬರಿನ ಮ್ಯಾಲ ಒಂದು ಒದ್ದಿ ಗೆರಿ, ಹಿಂತಿರುಗಿ ನೋಡಿದ್ರ ಆರಿರ್ತದ.

ಸಂಜಿಗೆ ಖಾಲಿ ಪೆಟ್ಟಿಗಿ ಇಳಿಸಿ
ಹತ್ತಿ ಜಿನ್ನಿನ ಗೇಟಿಗೆ ಹೋಗ್ತೀನಿ.
ಹಂಪಮ್ಮ ಬರ್ತಾಳ, ಹನ್ನೊಂದು ತಾಸು ನಿಂತು,
ನಲವತ್ತಾರು ಕಿಲೋ, ಕೂದಲಾಗಿನ ಅರಳಿ ಸೇರಿ.
ಆಕಿ ಸೊಂಟದ ಫಿಲಂ ಬೆಳಕಿಗೆ ಹಿಡಿದು
ಡಾಕ್ಟರು ಒಂದು ಸಂದು ತೋರಿಸಿದ್ದ.
ಒಂಬತ್ತು ದಿನದಿಂದ ಆಕಿ ಹಿಂದ ಕುಂತು
ಗುಂಡಿ ಬಂದಾಗ ಉಸಿರು ಹಿಡೀತಾಳ. ಬೈಯೂದಿಲ್ಲ.
ಬೈದಿದ್ರ ಇಷ್ಟು ದಿನ ತಡಾ ಮಾಡ್ತಿದ್ದಿಲ್ಲ ನಾನು.

'ಐಸಿಗೆ ಹಾಕ್ಲ್ಯಾ, ಆಕಿಗೆ ಹಾಕ್ಲ್ಯಾ?'
ಬಂದೇನವಾಜ್ ಪಾನಾ ಒರಸ್ಕೊಂತ ಕೇಳಿದ.

ಬಿದ್ದ ಗಾಡೀದು ಎತ್ತಿ ನೋಡಿದೆ.
ಸ್ಪ್ರಿಂಗಿನ ಬುಡಕ್ಕ ಐದು ಮೆಟ್ಟಲು ಕೊರದಾರ,
ತಿರುವಿದಂಗ ಬಿಗಿ, ತಿರುವಿದಂಗ ಸಡಲ.
ಒಂಬೈನೂರು, ಲೇಥಿನವನಿಗೆ ನೂರೈವತ್ತು ಬ್ಯಾರೆ.
ಹುಡುಗ ಮೌಲಾಲಿ ನಟ್ಟು ಬಿಗಿದು
ತಾನೇ ಮೊದಲು ಏರಿ ಕುಂತು ಕುಣಿದ.

ಈಗ ಬೆಳಿಗ್ಗೆ ಐದನೇ ಮೆಟ್ಟಲು.
ಸಂಜಿಕ ಜಿನ್ನಿನ ಸೀಟಿ ಊದೂಕಿಂತ ಮೊದಲ
ಗಾಡಿ ಬಾಜೂಕ ಮಂಡಿ ಊರಿ ಪಾನಾ ಹಾಕ್ತೀನಿ.
ಟಕ್. ಟಕ್. ಟಕ್.
ಎಡಗಡಿದು ಜಂಗು ಹಿಡಿದು ಮೂರಕ್ಕ ನಿಲ್ತದ, ಇರಲಿ.
ದಿನಾ ಇದನ್ನ ನೋಡಿ ವಾಚ್‌ಮನ್
ಏನು ತಿಳಕೊಂಡಾನೋ, ಬೀಡಿ ಆರಿಸ್ತಾನ.

ಮೊದಲ ದಿನ ಗಂಜ್ ಸರ್ಕಲ್ ದಾಟಿ
ಆ ದೊಡ್ಡ ಗುಂಡಿನೂ ದಾಟಿದ ಮ್ಯಾಲ
ಹಿಂದಿನಿಂದ ಕೇಳಿದಳು:
'ರೋಡ್ ಹಾಕ್ಯಾರೇನು?'

ಹೂಂ, ಅಂದೆ.
ಐತವಾರ ಹಗಲಿನಾಗ ಈ ಹಾದಿಗೆ ಬಂದ್ರ ಆಕೀಗೆ ಗೊತ್ತಾಗ್ತದ.
ಆಗಲಿ.