ಎಲ್ಲಿಂದ ಎಲ್ಲೀತನಕ

ಬೆಳಗಾವಿ ಕೋರ್ಟಿನ ಹಿಂದಿನ ಓಣಿ, ಝೆರಾಕ್ಸ್ ಅಂಗಡಿಯ ಮಾಳಿಗೆ.
ಬೋರ್ಡಿನ ಮೇಲೆ: ಮೋಡಿ ಓದಿಕೊಡಲಾಗುವುದು.
ಮಾಟ ಮಂತ್ರವೆಂದುಕೊಂಡು ಹತ್ತಿ ಬಂದವರೂ ಉಂಟು,
ಹೋದ ತಿಂಗಳೊಬ್ಬ, ನಿಂಬೆಹಣ್ಣು ಸಹಿತ.
ಚಹಾ ಕುಡಿಸಿ ಕಳಿಸಿದೆ.
ನಿಂಬೆಹಣ್ಣು ಇಲ್ಲೇ ಉಳಿಯಿತು.

ಇದು ಬರೀ ಲಿಪಿ. ಮೊದಲು ಹಾಳೆಯುದ್ದಕ್ಕೂ ಗೆರೆ ಎಳೆದು
ಆಮೇಲೆ ಅಕ್ಷರಗಳನ್ನು, ಒಣಹಾಕಿದ ಅರಿವೆಯಂತೆ,
ಅದಕ್ಕೆ ತೂಗುಬಿಡುತ್ತಿದ್ದರು.
ಪದ ಮುಗಿಯಿತೆಂದು ಬೋರು ನಿಲ್ಲುವುದಿಲ್ಲ.
ಹ್ರಸ್ವ, ದೀರ್ಘ ಓದುವವರ ಪಾಲಿಗೆ.
ಕಲಿಸಿದ ಗೋಪಾಳಪಂತರು ಅನ್ನುತ್ತಿದ್ದರು:
“ಬರದಾಂವಗ ಅವಸರ ಇತ್ತು ತಂಗೀ,
ನಿನಗ ಇರಬಾರದು.”

ಇವತ್ತು ಬಂದವರು ಕಡೋಲಿಯವರು.
ಭರಮಾ ಪಾವಶೆ, ಬಗಲಲ್ಲಿ ವಕೀಲರ ಫೈಲು.
ಅವನ ದಾಯಾದಿ ಯಲ್ಲುಬಾಯಿ, ಬಗಲಲ್ಲಿ ಏನೂ ಇಲ್ಲ.
ಇಬ್ಬರೂ ಒಂದೇ ಬಸ್ಸಿಗೆ ಬಂದಿದ್ದರು,
ಬೇರೆ ಬೇರೆ ಸೀಟು.

ಐದನೇ ಸಾಲು. ಕನ್ನಡದ ಅಕ್ಷರಕ್ಕೆ ಇಳಿಸಿದರೆ ಹೀಗೆ:
ಜಮೀನದಿಲೀ.
ಜಮೀನ ದಿಲೀ: ಜಮೀನು ಕೊಟ್ಟೆ.
ಜಮೀ ನ ದಿಲೀ: ಕೊಡಲಿಲ್ಲ, ಅನ್ನುತ್ತಾರೆ ಭರಮಾನ ವಕೀಲರು.
‘ನ’ ಯಾರ ಮನೆಯ ಕೂಸು ಎಂಬುದರ ಮೇಲೆ
ಮೂರು ಎಕರೆ ಹನ್ನೊಂದು ಗುಂಟೆ ನಿಂತಿದೆ.

ನನ್ನ ಕನ್ನಡದ ಕಣ್ಣಿಗೆ ನಡುವೆ ನದಿ ಕಾಣುತ್ತದೆ.
ಅದೂ ಸುಳ್ಳಲ್ಲ. ಚಕ್ಕುಬಂದಿ: ಉತ್ತರಕ್ಕೆ ಮಾರ್ಕಂಡೇಯ,
ಪೂರ್ವಕ್ಕೆ ಹುಣಸೆಮರ, ಪಶ್ಚಿಮಕ್ಕೆ ಸಟವಾಜಿಯ ಬಾವಿ.
ಮರ ಬಿದ್ದು ಯಾರದೋ ಬಾಗಿಲಾಗಿದೆ,
ಬಾವಿಯ ಮೇಲೆ ಮೊಬೈಲ್ ಟವರು,
ಹೊಳೆ ಎರಡು ಸಲ ಮಗ್ಗಲು ಬದಲಿಸಿದೆ.
ದಕ್ಷಿಣಕ್ಕೆ ‘ನನ್ನ ಹೊಲ’ ಎಂದಿದೆ.
ಆ ನಾನು ಈಗ ಯಾರು?

“ಖರೇನೋ ಸುಳ್ಳೋ, ಅಷ್ಟ ಬರದು ಸಹಿ ಮಾಡ್ರಿ” ಅಂದ ಭರಮಾ.

ಇದೇ ಕೈ ಬರೆದ ಉಳಿದ ‘ನ’ಗಳನ್ನು ಎಣಿಸಿದೆ. ಹದಿನಾಲ್ಕು.
ಪದದ ಕೊನೆಗೆ ಬಂದಾಗ ಅವನ ಬೋರು
ಚೂರೇ ಚೂರು ಬಾಲ ಬಿಡುತ್ತದೆ, ಹನ್ನೆರಡು ಸಲ ಬಿಟ್ಟಿದೆ.
ಎರಡು ಸಲ ಮರೆತಿದ್ದಾನೆ, ಯಾರಾದರೂ ಕರೆದಿರಬೇಕು.
ಐದನೇ ಸಾಲಿನಲ್ಲಿ, ಬಾಲ ಇರಬೇಕಾದಲ್ಲಿ,
ಗೆದ್ದಲು ತಿಂದ ತೂತು.
ಭೂತಗನ್ನಡಿ ಹಿಡಿದರೆ ತೂತು ದೊಡ್ಡದಾಗುತ್ತದೆ, ಅಷ್ಟೇ.

ಬರೆದುಕೊಟ್ಟೆ: ಅಕ್ಷರಗಳು ಇವು. ತೂತು ಇಷ್ಟು.
ನನ್ನ ಓದು, ‘ಕೊಟ್ಟೆ’.
ತೂತಿನ ಪರವಾಗಿ ನಾನು ಸಾಕ್ಷಿ ಹೇಳಲಾರೆ.
ಭರಮಾ ಮುನ್ನೂರು ಕೊಟ್ಟು, ರಸೀದಿ ಕೇಳಿ, ರಸೀದಿಯನ್ನೂ
ಎರಡು ಸಲ ಓದಿ, ಕೆಳಗಿಳಿದ.

ಯಲ್ಲುಬಾಯಿ ಏಳಲಿಲ್ಲ.
“ಬಾಯಾರ, ಇದರಾಗ ನಮ್ಮ ಆಯೀ ಹೆಸರ ಐತೇನ್ರಿ?”
ಇದೆ. ಏಳನೇ ಸಾಲು. ತಾನೂ.
ಫೋಟೋ ಇಲ್ಲ, ಜಾತಕ ಇಲ್ಲ, ಎಲ್ಲಿ ಸುಟ್ಟರೆಂದೂ ಗೊತ್ತಿಲ್ಲ,
ಸರಕಾರಿ ಶಾಯಿ ಒಂದೇ ಸಲ ಮುಟ್ಟಿದ ಹೆಂಗಸು.
“ಇನ್ನೊಮ್ಮೆ ಓದ್ರಿ.”
ಓದಿದೆ.
ಬೆರಳು ಹಾಳೆಗೆ ತಾಗದ ಹಾಗೆ ಮೇಲೆಯೇ ಹಿಡಿದು ಕೇಳಿದಳು:
“ಎಲ್ಲಿಂದ ಎಲ್ಲೀತನಕ ಅಕಿ?”

ಗೆರೆಗೆ ಸಂದಿಲ್ಲ. ಹೊಲ, ಬಾವಿ, ಅಣ್ಣ, ಸಾಲ, ತಾನೂ,
ಎಲ್ಲ ಒಂದೇ ಹಗ್ಗಕ್ಕೆ ಜೋತಿವೆ.
ಕಡ್ಡಿಪೆಟ್ಟಿಗೆಯಿಂದ ಎರಡು ಕಡ್ಡಿ ತೆಗೆದು
ಆಚೆಗೊಂದು ಈಚೆಗೊಂದು ನಿಲ್ಲಿಸಿದೆ.
ಇಲ್ಲಿಂದ ಇಲ್ಲೀತನಕ.

ಅವಳು ಬಹಳ ಹೊತ್ತು ನೋಡಿದಳು.
ಕೆಳಗೆ ಭರಮಾ ಕೂಗಿದ, ಬಸ್ಸಿನ ಹೊತ್ತಾಯಿತು.

ಕಾಗದ ಹೋದಮೇಲೂ ಮೇಜಿನ ಮೇಲೆ
ಕಡ್ಡಿಗಳು ಹಾಗೇ ಇದ್ದವು, ನಡುವೆ ಅರ್ಧ ಇಂಚು ಬರಿದು.
ಸಂಜೆ ಅದರಲ್ಲೊಂದು ಗೀರಿ ಸ್ಟೋವ್ ಹಚ್ಚಿದೆ.