ಸೀಟಿ

ಯುಗಾದಿಯ ದಿನ ನಾನು ನಾಗಮಂಗಲದ ಬಸ್ಸಿನಲ್ಲಿದ್ದೆ.
ಎಪ್ಪತ್ತೆರಡು ಜನ, ಎರಡು ಕೋಳಿ, ಒಂದು ಹೊರೆ ಮಾವಿನ ಸೊಪ್ಪು,
ಹೊಸ ಬಟ್ಟೆಯ ಗಂಜಿ ವಾಸನೆ.
ಸೊನ್ನೆ ರೂಪಾಯಿ ಟಿಕೆಟ್ಟು ಕೊಟ್ಟದ್ದಕ್ಕೆ
ಯಾವುದೋ ಅಜ್ಜಿ ನನ್ನ ಅಂಗೈಗೆ ಚೂರು ಬೇವುಬೆಲ್ಲ ಇಟ್ಟಿತು.
ಅಷ್ಟೇ ನನ್ನ ಹಬ್ಬ.

ಮಾರನೆ ದಿನ ರಜ.
ಮಾರನೆ ದಿನ ಹೊಸತೊಡಕು.
ಗುತ್ತಲು ರಸ್ತೆಯ ಎರಡು ಕೋಣೆಯ ಬಾಡಿಗೆ ಮನೆಗೆ
ಯಾರೂ ಬರುವವರಿರಲಿಲ್ಲ, ನಾವೂ ಯಾರನ್ನೂ ಕರೆದಿರಲಿಲ್ಲ.
ಐದು ಗಂಟೆಗೇ ಇವರು ಹೆಗಲಿಗೆ ಟವಲ್ಲು ಹಾಕಿ
ಸ್ಟೀಲ್ ಡಬ್ಬಿ ಹಿಡಿದು ಹೋದರು.
ತಿಂಗಳಿಗೆ ನೂರರಂತೆ ವರ್ಷವಿಡೀ ಕಟ್ಟಿದ ಚೀಟಿ
ಎಲೆಯ ಮೇಲೆ ಗುಡ್ಡೆಯಾಗಿ ಕೂತಿತ್ತಂತೆ,
ನಮ್ಮ ಪಾಲಿಗೆ ಈಲಿ ಚೂರು ಜಾಸ್ತಿ ಬಿತ್ತಂತೆ;
ಪರೀಕ್ಷೆ ಪಾಸಾದವರ ಮುಖ ಹೊತ್ತು ಬಂದರು.

ಮಿಕ್ಸಿ ಬೇಡ ಅಂದೆ. ಕಲ್ಲಿನಲ್ಲೇ ಅರೆದೆ,
ಚಕ್ಕೆ, ಲವಂಗ, ಸುಟ್ಟ ಈರುಳ್ಳಿ, ಒಂದು ಹಿಡಿ ಕೊತ್ತಂಬರಿ.
ನನ್ನ ಕಿವಿಯೊಳಗೆ ಇನ್ನೂ
ನಿನ್ನೆಯ ಇಂಜಿನ್ನು ಓಡುತ್ತಿತ್ತು.

ಸಿಂಚುವಿಗೆ ಆರು ವರ್ಷ. ಅವತ್ತಿನ ಕಾನೂನೆಲ್ಲ ಅವಳದೇ.
"ಹೊಸ್ತಡ್ಕಿನ್ ದಿನ ಏನ್ ಮಾಡ್ತೀವೋ ವರ್ಷಾನೆಲ್ಲಾ ಅದೇಯ.
ಬೈಯಂಗಿಲ್ಲ. ಅಳಂಗಿಲ್ಲ. ಫೋನ್ ನೋಡಂಗಿಲ್ಲ."
ಯಾರು ಹೇಳಿಕೊಟ್ಟರೋ, ಓನರ್ ಮನೆಯ ಬೋರಮ್ಮನೇ ಇರಬೇಕು.
ಲೋಚನನಿಗೆ ಮೂರು. ಕಾನೂನು ಅವನನ್ನು ತಲುಪಿರಲಿಲ್ಲ.
ಕುಕ್ಕರು ಕೂಗಿದಾಗಲೆಲ್ಲ ಅವನು "ರೈಟ್ ರೈಟ್" ಅಂದ.
ಮನೆ ಒಂದಿಂಚೂ ಮುಂದೆ ಹೋಗಲಿಲ್ಲ.

ನೆಲಕ್ಕೆ ಚಾಪೆ, ನಾಲ್ಕು ತಟ್ಟೆ.
ಇವರ ಅಂಗೈಯಲ್ಲಿ ಉರುಳಿ ಉರುಳಿ ನುಣ್ಣಗಾದ ಮುದ್ದೆ,
ಮಕ್ಕಳಿಗೆ ನೆಲ್ಲಿಕಾಯಿ ಗಾತ್ರದ್ದು ಎರಡೆರಡು.
ಅಗಿಬೇಡ, ನುಂಗು, ಅಂತ ಅಪ್ಪ.
ನುಂಗಿದ್ದು ಎಲ್ಲಿಗೆ ಹೋಯಿತೆಂದು ಮಗ
ಅಂಗಿ ಎತ್ತಿ ಹೊಟ್ಟೆ ನೋಡಿಕೊಂಡ.
ನಲ್ಲಿ ಮೂಳೆ ಒಂದೇ ಇತ್ತು;
ತಟ್ಟೆಯಂಚಿಗೆ ಟಕಟಕ ಕುಟ್ಟಿ, ಹೀರಿ,
ಇನ್ನೂ ಇದೆಯೆಂದು ಕಣ್ಣಿಗೆ ಹಿಡಿದು ನೋಡಿ
ಅಕ್ಕ ತಮ್ಮನಿಗೆ ದಾಟಿಸಿದಳು.
ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಫ್ಯಾನು. ಸೊರ್ ಸೊರ್.
ದೂರದ ಹೊಂಗೆ ಮರದಡಿ ಇಸ್ಪೀಟು ಗೆದ್ದವರ ಕೂಗು.

ಸಾರಿನ ಬಟ್ಟಲು ಮಗುಚಿದ್ದು ಆಗಲೇ.
ಗದ್ದೆಗೆ ನಾಲೆ ನೀರು ಬಿಟ್ಟ ಹಾಗೆ
ಚಾಪೆಯ ಗೆರೆ ಗೆರೆಯಲ್ಲೂ ಹರಿಯಿತು ಸಾರು.
ನನ್ನ ಬಾಯಿ ತೆರೆಯಿತು.
ಸಿಂಚು ನನ್ನನ್ನೇ ನೋಡುತ್ತಿದ್ದಳು.
ತೆರೆದ ಬಾಯಿಗೆ ಒಂದು ತುತ್ತು ಇಟ್ಟುಕೊಂಡೆ.
ಚೆಲ್ಲು ಕಂದಾ, ವರ್ಷವಿಡೀ ಚೆಲ್ಲು,
ಒರೆಸುತ್ತೇನೆ.

ಕೈ ತೊಳೆಸುವಾಗ ಕೇಳಿದಳು:
"ಇವತ್ ನೀನ್ ಮನೇಲಿದ್ದೀಯಲ್ಲ,
ಹಂಗಾದ್ರೆ ವರ್ಷಾನೆಲ್ಲಾ ಮನೇಲೇಯಾ?"
ಇವರು ಪಾತ್ರೆಯ ತಳ ಕೆರೆಯತೊಡಗಿದರು,
ಕೆರೆಯುವಂಥದ್ದು ಅಲ್ಲೇನೂ ಇರಲಿಲ್ಲ.
"ಬಾ, ಮಲಕ್ಕೊಳಣ" ಅಂದೆ.
ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.
ಚಾಪೆಯ ಒಣ ಭಾಗದಲ್ಲಿ ನಾಲ್ವರೂ ಒತ್ತಿಕೊಂಡು,
ಬಸ್ಸಿನ ಹಿಂದಿನ ಸೀಟಿನವರಂತೆ, ನಿದ್ದೆ ಹೋದೆವು.
ನಾನು ಎದ್ದಾಗ ಸಿಂಚು ಪಕ್ಕದಲ್ಲಿರಲಿಲ್ಲ;
ಅಡುಗೆ ಕೋಣೆಯಿಂದ ಬಂದಳು,
ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ಬೆಳಗ್ಗೆ ನಾಲ್ಕೂವರೆ.
ಖಾಕಿ ಇದೆ, ಬ್ಯಾಗಿದೆ, ಟಿಕೆಟ್ ಮಿಷಿನ್ನಿದೆ.
ಸೀಟಿ ಇಲ್ಲ.
ಜೇಬು, ಗೂಟ, ಟೀವಿ ಮೇಲೆ, ಮಂಚದ ಕೆಳಗೆ.
ರೊಟ್ಟಿಗೆ ಹಿಟ್ಟು ತೆಗೆಯಲು ಹೋದ ಇವರು
ರಾಗಿ ಡಬ್ಬದೊಳಗೆ ಮೊಣಕೈವರೆಗೆ ಕೈ ಇಟ್ಟವರು
ಹಾಗೇ ನಿಂತುಬಿಟ್ಟರು.

ಮಲಗಿದ್ದವಳ ಉಗುರುಗಳಲ್ಲಿ ಇನ್ನೂ ಹಿಟ್ಟಿತ್ತು.

ನಾನು ಅದನ್ನು ಒರೆಸಲಿಲ್ಲ.
ಮೊದಲ ಟ್ರಿಪ್ಪು, ಸ್ಟ್ಯಾಂಡು ಬಿಡುವಾಗ ಊದಿದೆ.
ಸದ್ದಿಗಿಂತ ಮೊದಲು ಹೊರಬಂತು
ಬೊಗಸೆಯಷ್ಟು ರಾಗಿ ಮೋಡ.
ಡ್ರೈವರ್ ಮಾದಣ್ಣ ಕನ್ನಡಿಯಲ್ಲಿ ನೋಡಿ ಕೇಳಿದ,
"ಏನಮ್ಮೋ, ನಿನ್ ಸೀಟೀನೂ ಹಬ್ಬ ಮಾಡ್ತಾ?"